ಶನಿವಾರ ಐದರೊಳಗೆ

“ಜುಂಜಪ್ಪನ್ನ ಬಿಡಬೇಕು. ಬ್ಯಾರೆ ದಾರಿನ ಇಲ್ಲ,” ಎಂದು ಬೊಮ್ಮಯ್ಯ ಇಸ್ತ್ರಿಪೆಟ್ಟಿಗೆಯನ್ನು ಪ್ಯಾಂಟಿನ ತೊಡೆಯ ಮೇಲೆ ಒತ್ತಿ ಹಿಡಿದ. ನೀರು ಚಿಮುಕಿಸಿದ ಜೀನ್ಸ್‌ನಿಂದ ಹಬೆ ಎದ್ದು ಅವನ ಮುಖ ಒಂದು ಗಳಿಗೆ ಕಾಣದಾಯಿತು.

“ಬಿಡು, ನಿಂಗೇನು! ಅವ್ನು ಹನ್ನೆರಡು ವರ್ಷದಿಂದ ಆಡ್ತಾವ್ನೆ ಕಣಯ್ಯ,” ಅಂದ ಕಟಿಂಗ್ ಮಾಸ್ಟರ್ ಗಂಗಣ್ಣ, ಕತ್ತರಿ ಕೆಳಗಿಡದೆ.

“ಹನ್ನೆರಡು ವರ್ಷ ಆಡ್ಯಾನ, ಅದಕ್ಕ ಮೊಣಕಾಲು ಹೋಗೈತಿ. ಹೋದ ಸಲ ಫೈನಲ್‌ನಾಗ ಬಾಲು ಅವನ ಮಗ್ಗಲದಾಗ ಹಾದು ಹೋತು. ಅವ ತಿರುಗೋದ್ರಾಗ ಗೋಲು ಆಗಿ, ಅವರು ಕುಣಿದು, ನೀರು ಕುಡಿದು ಬಂದು ನಿಂತಿದ್ರು. ಸಂದಿಯೊಳಗ ಬಸ್ಸು ತಿರುವಿದಂಗ ತಿರುಗ್ತಾನ ನಿಮ್ಮ ಜುಂಜಪ್ಪ.”

ಹೊಲಿಗೆ ಮಿಷನ್ನುಗಳ ಸಾಲಿನಲ್ಲಿ ನಗು ಹರಿಯಿತು. ಚೆಕಿಂಗ್ ಟೇಬಲ್ಲಿನಲ್ಲಿ ಕೂತಿದ್ದ ಸಂಧ್ಯಾ ನಗಲಿಲ್ಲ. ಅವಳ ಕೈ ಒಂದೊಂದೇ ಪ್ಯಾಂಟನ್ನು ತಿರುಗಿಸಿ, ಹೊಲಿಗೆಯ ಕೊನೆಯಲ್ಲಿ ಉಳಿದ ದಾರವನ್ನು ಕತ್ತರಿಸಿ, ಪಕ್ಕಕ್ಕಿಡುತ್ತಿತ್ತು. ಅವಳು ಅನಂತಪುರದಲ್ಲಿ ಎಂ.ಎ. ಓದಿದವಳು ಎಂಬುದು ಈಗ ಯಾರಿಗೂ ನೆನಪಿಗೆ ಬರುತ್ತಿರಲಿಲ್ಲ. ವರ್ಷಕ್ಕೊಮ್ಮೆ, ಟೀಮಿನ ಪಟ್ಟಿ ಬರೆಯಲು ಒಳ್ಳೆಯ ಅಕ್ಷರ ಬೇಕಾದಾಗ ಮಾತ್ರ ಬರುತ್ತಿತ್ತು.

ಆ ದಿನ ಇವತ್ತೇ, ಶನಿವಾರ. ಯುಗಾದಿಗೆ ಕೋಟೆಯ ಕೆಳಗಿನ ಮೈದಾನದಲ್ಲಿ ಒಂಬತ್ತು ದಿನ ಹಾಕಿ ನಡೆಯುತ್ತದೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ದೊಡ್ಡ ಯೂನಿಟ್ಟುಗಳಿಗೆಲ್ಲ ಒಂದೊಂದು ಟೀಮಿದೆ. ಮಡಕಶಿರಾದಿಂದಲೂ ಒಂದು ಟೀಮು ಬರುತ್ತದೆ. ಪಟ್ಟಿಯಲ್ಲಿ ಹದಿನಾರು ಹೆಸರು. ವರ್ಷಕ್ಕೆ ಇಬ್ಬರನ್ನು ಮಾತ್ರ ಬದಲಾಯಿಸಬಹುದು, ಅದೂ ಟೂರ್ನಿಗೆ ಮುಂಚಿನ ಒಂದೇ ವಾರದಲ್ಲಿ. ಶನಿವಾರ ಸಂಜೆ ಐದಕ್ಕೆ ಕಮಿಟಿಯವರು ಬಾಗಿಲು ಹಾಕುತ್ತಾರೆ. ಆಮೇಲೆ ಮುಂದಿನ ಯುಗಾದಿಯ ತನಕ ಯಾರ ಹೆಸರೂ ಅಲುಗುವುದಿಲ್ಲ. ಆ ವಾರ ಊರಿನಲ್ಲಿ ಬೇರೆ ಮಾತಿಲ್ಲ. ಯಾವ ಯೂನಿಟ್ಟು ಯಾರನ್ನು ಬಿಟ್ಟಿತು, ಯಾರನ್ನು ಎಳೆದುಕೊಂಡಿತು, ಯಾರು ಮೋಸ ಹೋದರು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವರೂ ಎದ್ದು ನಿಂತು ವಾದಿಸುತ್ತಾರೆ.

ಈ ಸಲ ಇವರ, ಅಂದರೆ ಸಾಹುಕಾರ ಸಂಜೀವಪ್ಪನವರ ಯೂನಿಟ್ಟಿನವರ, ಕಣ್ಣು ಬಿದ್ದದ್ದು ಮಡಕಶಿರಾ ಟೀಮಿನ ರಾಮಾಂಜಿಯ ಮೇಲೆ. ಇಪ್ಪತ್ಮೂರು ವರ್ಷ. ಪೆನಾಲ್ಟಿ ಕಾರ್ನರ್ ಹೊಡೆದರೆ ಗೋಲಿನ ಹಿಂದಿನ ಹಲಗೆ ಸದ್ದಾದ ಮೇಲೆಯೇ ಬಾಲು ಹೋದದ್ದು ತಿಳಿಯುವುದು ಎಂದು ಗಂಗಣ್ಣ ಎಲ್ಲರ ತಲೆ ತಿಂದಿದ್ದ. ಗಂಗಣ್ಣ ಮಡಕಶಿರಾ ಪಕ್ಕದ ಅಮರಾಪುರದ ಕಡೆಯವನು. ರಾಯದುರ್ಗಕ್ಕೆ ಬಂದು ಹತ್ತೊಂಬತ್ತು ವರ್ಷವಾದರೂ ಮಡಕಶಿರಾ ಗೋಲು ಹೊಡೆದರೆ ಅವನ ಕೈ ತಾನಾಗಿ ಚಪ್ಪಾಳೆಗೆ ಏಳುತ್ತಿತ್ತು.

“ರಾಮಾಂಜಿ ಬತ್ತಾನೆ, ಬರಲ್ಲ ಅಂದವ್ರ್ಯಾರು? ನನ್ನ ಅಳಿಯನೇ ಮಾತಾಡವ್ನೆ. ಆದ್ರೆ ಅದ್ಕೆ ಜುಂಜಪ್ಪನ್ನೇ ಯಾಕೆ ಬಿಡ್ಬೇಕು? ಪಟ್ಟೀಲಿ ಒಂದು ಜಾಗ…” ಎಂದವನು ಚೆಕಿಂಗ್ ಟೇಬಲ್ಲಿನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ.



ಆ ಜಾಗ ಹನುಮೇಶನದು. ಸಂಧ್ಯಾಳ ಗಂಡ. ಟೀಮಿನ ಬ್ಯಾಕ್ ಆಟಗಾರ. ಶ್ರಾವಣದಲ್ಲಿ ಜಿಪ್ಪುಗಳ ಮೂಟೆ ತರಲು ಬಳ್ಳಾರಿಗೆ ಹೊರಟು, ಡಿ. ಹಿರೇಹಾಳ್ ದಾಟಿದ ಮೇಲೆ ಗಾಡಿ ಜಾರಿ, ಬಳ್ಳಾರಿಯ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ತೀರಿಕೊಂಡಿದ್ದ. ಅವನು ಹೋಗಿ ಏಳು ತಿಂಗಳಾದರೂ ಪಟ್ಟಿಯಲ್ಲಿ ಅವನು ಇನ್ನೂ ಏಳನೆಯ ನಂಬರು.

“ತಪ್ಪು ತಿಳ್ಕಬ್ಯಾಡವ್ವಾ,” ಎಂದ ಬೊಮ್ಮಯ್ಯ ಇಸ್ತ್ರಿ ನಿಲ್ಲಿಸಿ. “ಬಾಯಿಗೆ ಬಂತು, ಅಂದ್ವಿ. ಆ ಬಳ್ಳಾರಿ ಸರ್ಟಿಫಿಕೇಟು… ಬಂತೇನು?”

“ಇನ್ನೂ ಬಂದಿಲ್ಲ ಅಣ್ಣ.”

“ಆ ಆಫೀಸಿನವರು ಹಂಗ ನೋಡು. ಸತ್ತಿದ್ದು ಅಲ್ಲಿ, ಆಧಾರು ಇಲ್ಲಿದು ಅಂತಾರ.”

ಸರ್ಟಿಫಿಕೇಟು ಬೇಕೇ ಬೇಕು ಎಂದು ಕಮಿಟಿ ಹಟ ಹಿಡಿಯಲು ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಒಂದು ಯೂನಿಟ್ಟಿನವರು, ಬಿಡುಗಡೆಗೆ ಸಹಿ ಹಾಕಲು ಒಪ್ಪದ ಆಟಗಾರನೊಬ್ಬ ಸತ್ತುಹೋದ ಎಂದು ಬರೆದುಕೊಟ್ಟು ಬೇರೆಯವನನ್ನು ಸೇರಿಸಿಕೊಂಡಿದ್ದರು. ಸತ್ತವನು ಸೆಮಿಫೈನಲ್ ನೋಡಲು ಬಂದು ಗೋಲ್ ಪೋಸ್ಟಿನ ಹಿಂದೆ ನಿಂತು ಸೋಡಾ ಕುಡಿಯುತ್ತಿದ್ದ. ಅಂದಿನಿಂದ ನಿಯಮ: ಟೀಮು ಬಿಡುವವನ ಸಹಿ ಇಲ್ಲದಿದ್ದರೆ ಮರಣದ ಸರ್ಟಿಫಿಕೇಟು ಬೇಕು.

ಹನುಮೇಶನ ಸರ್ಟಿಫಿಕೇಟು ಬಂದು ನಾಲ್ಕು ತಿಂಗಳಾಗಿತ್ತು. ಸಂಧ್ಯಾಳ ಟ್ರಂಕಿನಲ್ಲಿ, ಅವಳ ಅಂಕಪಟ್ಟಿಗಳ ಕೆಳಗೆ, ನಾಲ್ಕು ಮಡಿಕೆಯಾಗಿ ಇತ್ತು. ವಿಧವಾ ಪಿಂಚಣಿಗೂ ಅವಳು ಅದನ್ನು ಕೊಟ್ಟಿರಲಿಲ್ಲ. ಯೂನಿಟ್ಟಿನ ಹಿಂದೆ ಆರು ರೂಮುಗಳಿವೆ. ಸಂಸಾರವಿರುವ ಆಟಗಾರರಿಗೆಂದು ಸಂಜೀವಪ್ಪ ಕಟ್ಟಿಸಿದ್ದು. ಹನುಮೇಶನ ಹನ್ನೊಂದನೆಯ ದಿನ ಸಂಜೀವಪ್ಪ ಅವಳ ರೂಮಿನ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡು, “ಪಟ್ಟಿಯಾಗ ಹೆಸರಿರೋ ತನಕ ಈ ರೂಮು ನಿಂದನವ್ವಾ, ಯಾರೂ ಏನೂ ಅನ್ನಂಗಿಲ್ಲ,” ಎಂದಿದ್ದರು. ಅವರು ಮನಸ್ಸಿನಿಂದಲೇ ಹೇಳಿದ್ದರು. ಆ ಮಾತಿಗೆ ಒಂದು ಕೊನೆಯ ದಿನಾಂಕವಿದೆ ಎಂದು ಸಂಧ್ಯಾಳಿಗೆ ಆಗಲೇ ಗೊತ್ತಿತ್ತು.

ಒಂದಕ್ಕೆ ಊಟದ ಗಂಟೆ ಹೊಡೆಯಿತು. ಗುಂಡಿ ಹಚ್ಚುವ ಮಿಷನ್ನಿನಿಂದ ಚಿತ್ತಮ್ಮ ಎದ್ದು ಬಂದಳು. ಅವಳು ಜುಂಜಪ್ಪನ ಹೆಂಡತಿ, ಸಂಧ್ಯಾಳ ಗೋಡೆಯಾಚೆಯ ರೂಮಿನವಳು. ಇಬ್ಬರೂ ದಿನಾ ಒಟ್ಟಿಗೆ ಉಣ್ಣುತ್ತಿದ್ದರು. ಇವತ್ತು ಚಿತ್ತಮ್ಮ ರೊಟ್ಟಿ ಬಿಚ್ಚಿದಳು, ಮುರಿಯಲಿಲ್ಲ.

“ಅವ್ರು ಸೈನ್ ಮಾಡ್ತೀನಿ ಅಂದುಬಿಟ್ಟಾರ,” ಎಂದಳು. “ಸಾವ್ಕಾರ್ರು ಕರೆದು ಹೇಳಿದ್ರಂತ. ಕೆಲಸ ಇರತೈತಿ, ರೂಮು ಸೋಮವಾರ ಬಿಟ್ಟು ಕೊಡಬೇಕು. ಆ ರಾಮಾಂಜಿಗೂ ಹೆಂಡತಿ ಅದಾಳಲ್ಲ.”

“ಎಲ್ಲಿಗೆ ಹೋಗ್ತೀರ ಅಕ್ಕ?”

“ಗುಮ್ಮಘಟ್ಟಕ್ಕ. ಮತ್ತೆಲ್ಲಿಗೆ? ರಮ್ಯಾಂದು ಪರೀಕ್ಷೆ ಗುರುವಾರದಿಂದ. ಒಂಬತ್ತೂವರೆಗೆ ಒಳಗ ಇರಬೇಕು. ನಮ್ಮೂರ ಆಟೋ ನಿನಗ ಗೊತ್ತೈತಲ್ಲ, ಹನ್ನೆರಡು ಮಂದಿ ಕುಂತ ಮ್ಯಾಲ ಕೀಲಿ ತಿರುವ್ತಾನ. ಮೊನ್ನೆ ನಮ್ಮ ಅತ್ತಿ ಆಸ್ಪತ್ರೆಗೆ ಹೊರಟಾಕಿ ಅಲ್ಲೇ ಕುಂತು ಒಂದು ನಿದ್ದಿ ಮಾಡಿದ್ಳಂತ.” ತಾನೇ ನಕ್ಕಳು. ನಗು ಮುಗಿಯುವ ಮೊದಲೇ ಸೆರಗು ಬಾಯಿಗೆ ಹೋಯಿತು. “ಆಕಿ ಬೆಳಗ್ಗಿಂದ ಮಾತಾಡವಲ್ಲಳು. ಪುಸ್ತಕ ಹಿಡಕೊಂಡು ನಿನ್ನ ರೂಮಿನ್ಯಾಗನ ಕುಂತಾಳ.”

ಚಿತ್ತಮ್ಮನ ಮಗಳು ರಮ್ಯ ದಿನಾ ಸಂಜೆ ಸಂಧ್ಯಾಳ ರೂಮಿಗೆ ಬರುತ್ತಿದ್ದಳು. ಹನುಮೇಶ ಹೋದ ಮೊದಲ ತಿಂಗಳು ಸಂಧ್ಯಾ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಾಗಲೂ ಆ ಹುಡುಗಿ ಬಾಗಿಲ ಬಳಿ ಕೂತು ಪಾಠ ಗಟ್ಟಿಯಾಗಿ ಓದುತ್ತಿದ್ದಳು. ತಪ್ಪು ಓದಿದಳೆಂದು ಸಂಧ್ಯಾ ಒಂದು ದಿನ ಮಲಗಿದಲ್ಲಿಂದಲೇ ತಿದ್ದಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು.

“ನೀನರ ಆರಾಮ ಇರು,” ಎಂದಳು ಚಿತ್ತಮ್ಮ. “ಆ ಬಳ್ಳಾರಿ ಕಾಗದ ಇನ್ನೊಂದು ವರ್ಷ ಬರದಿರಲಿ.”

ಅವಳು ಅದನ್ನು ಮನಸಾರೆ ಹೇಳಿದಳು. ಸಂಧ್ಯಾ ತಲೆ ತಗ್ಗಿಸಿ ರೊಟ್ಟಿ ಮುರಿದಳು.

ರೂಮು ಬಿಟ್ಟರೆ ಅವಳಿಗೆ ಅಮರಾಪುರದ ಅಣ್ಣನ ಮನೆ. ಅಣ್ಣ ಚಿರಂಜೀವಿ ಒಳ್ಳೆಯವನು, ಅತ್ತಿಗೆಯೂ ಕೆಟ್ಟವಳಲ್ಲ. ದಸರೆಗೆ ಹದಿನೈದು ದಿನ ಅಲ್ಲಿದ್ದಳು. ದಿನಾ ಬೆಳಿಗ್ಗೆ ಅಣ್ಣ ಹಿಪ್ಪುನೇರಳೆ ತೋಟಕ್ಕೆ ಹೊರಡುವ ಹೊತ್ತಿಗೆ ಅತ್ತಿಗೆ ಮೆತ್ತಗೆ, “ಒಂಚೂರು ಒಳಗಿರಮ್ಮ, ಅವ್ರು ಓಗ್ಲಿ,” ಎನ್ನುತ್ತಿದ್ದಳು. ಸಂಧ್ಯಾ ರೇಷ್ಮೆಹುಳದ ತಟ್ಟೆಗಳ ಕೋಣೆಗೆ ಹೋಗಿ, ಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳುತ್ತ, ಅಣ್ಣನ ಗಾಡಿಯ ಸದ್ದು ದೂರವಾಗುವ ತನಕ ನಿಂತಿರುತ್ತಿದ್ದಳು. ಹದಿನಾರನೆಯ ದಿನ ಬಸ್ಸು ಹತ್ತಿದ್ದಳು.

ಎರಡೂವರೆಗೆ ಅವಳು ಕತ್ತರಿ ಕೆಳಗಿಟ್ಟು ರೂಮಿಗೆ ಹೋದಳು. ರಮ್ಯ ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಪುಟ ತಿರುಗಿರಲಿಲ್ಲ. ಸಂಧ್ಯಾ ಟ್ರಂಕು ತೆರೆದು, ಅಂಕಪಟ್ಟಿಗಳನ್ನು ಎತ್ತಿ, ಆ ಕಾಗದ ತೆಗೆದಳು.

“ಅದೇನಕ್ಕಾ?”

“ಏನಿಲ್ಲ. ಓದು.”

ಆಫೀಸಿನಲ್ಲಿ ಸಂಜೀವಪ್ಪ ಕನ್ನಡಕ ಹಣೆಗೇರಿಸಿ ಸರ್ಟಿಫಿಕೇಟನ್ನು ಕಣ್ಣಿನ ಹತ್ತಿರ ತಂದರು. ಓದಿದರು. ಕೆಳಗಿದ್ದ ತಾರೀಖನ್ನೂ ಓದಿದರು. ಅದು ನಾಲ್ಕು ತಿಂಗಳ ಹಿಂದಿನದು.

“ಯಾವಾಗ ಬಂತವ್ವಾ?”

“ಇವತ್ತು ಸಾರ್.”

ಅವರು ಅವಳ ಮುಖ ನೋಡಿದರು. ಕಾಗದವನ್ನು ಮೇಜಿನ ಮೇಲೆ ಸವರಿ ಮಡಿಕೆ ಬಿಡಿಸಿದರು.

“ಜುಂಜಪ್ಪಣ್ಣ ಉಳೀತಾರಲ್ಲ ಸಾರ್?”

“ಉಳೀದೆ ಏನು? ಒಬ್ಬ ಹೋಗಬೇಕಿತ್ತು, ಒಬ್ಬ ಹೋದ.” ಅಂದಮೇಲೆ ಅವರಿಗೇ ಒಂಥರ ಆಗಿ ಕೆಮ್ಮಿದರು. “ನಿನ್ನ ರೂಮಿಂದು ಅವಸರ ಮಾಡಬ್ಯಾಡ. ಸೋಮವಾರ ಇಲ್ಲಂದ್ರ ಮಂಗಳವಾರ. ಕುಂದ್ರು, ಪಟ್ಟಿ ಬರಿ. ತೆಲುಗಿನ್ಯಾಗ ಒಂದು ಕಮಿಟಿಗೆ, ಕನ್ನಡದಾಗ ಒಂದು ಬೋರಣ್ಣನ ಚಾದಂಗಡಿ ಗೋಡೆಗೆ.”

ಅವಳು ಆಫೀಸಿನ ಮೂಲೆಯಲ್ಲಿ ಕೂತು ದಪ್ಪ ಕರಿ ಪೆನ್ನಿನಿಂದ ಬರೆಯತೊಡಗಿದಳು. ಕೆಳಗೆ ಬಿಡುಗಡೆಯಾದವರ ಹೆಸರು ಮತ್ತು ಕಾರಣ ಬರೆಯಬೇಕು. ಮೊದಲನೆಯ ಸಾಲಿನಲ್ಲಿ ಹನುಮೇಶ್ ಎಂದು ಬರೆದು, ಕಾರಣದ ಕೆಳಗೆ ಮರಣ ಎಂದು ಬರೆದಳು. ಅಕ್ಷರ ಎಂದಿನಂತೆ ದುಂಡಗೆ ಬಂತು. ಎರಡನೆಯ ಸಾಲು ಖಾಲಿ ಉಳಿಯಿತು.

ಸುದ್ದಿ ಆಗಲೇ ಮಿಷನ್ನುಗಳ ಸಾಲಿಗೆ ಮುಟ್ಟಿತ್ತು. ಚಿತ್ತಮ್ಮ ಓಡಿ ಬಂದು ಆಫೀಸಿನ ಬಾಗಿಲಲ್ಲೇ ಅವಳ ಎರಡೂ ಕೈ ಹಿಡಿದುಕೊಂಡಳು. ಏನೋ ಹೇಳಬೇಕೆಂದು ಬಂದವಳಿಗೆ ಮಾತು ಸಿಗದೆ, “ಯವ್ವಾ, ನಿನ್ನ ಕೈಯಿಗೆಲ್ಲ ಇಂಕು,” ಎಂದು ಸೆರಗಿನಿಂದ ಒರೆಸಿದಳು. ಅವಳ ಹಿಂದೆ ಜುಂಜಪ್ಪ ನಿಂತಿದ್ದ. ಬೆಳಿಗ್ಗೆ ಅವನು ತನ್ನ ಹಾಕಿ ಕೋಲಿನ ಹಿಡಿಗೆ ಸುತ್ತಿದ್ದ ಟೇಪನ್ನು ಬಿಚ್ಚಿ ಹಾಕಿದ್ದ. ಈಗ ಕೋಲನ್ನು ಕಂಕುಳಲ್ಲಿಟ್ಟುಕೊಂಡು ಹೊಸ ಟೇಪು ಸುತ್ತುತ್ತಿದ್ದ. ಸಂಧ್ಯಾಳ ಕಡೆ ನೋಡಿ ತಲೆಯಾಡಿಸಿ, ಸುತ್ತುತ್ತಲೇ ಹೊರಟುಹೋದ.

ಅವಳಿಗೆ ಏನಾದರೂ ಅನ್ನಿಸಬೇಕಿತ್ತು. ಹಗುರವೋ ಭಾರವೋ. ಕಾದಳು. ಏನೂ ಬರಲಿಲ್ಲ. ರಮ್ಯ ಪುಟ ತಿರುಗಿಸುತ್ತಿರಬಹುದು ಎಂದುಕೊಂಡಳು.

ನಾಲ್ಕಕ್ಕೆ ಗಂಗಣ್ಣ ಫೋನನ್ನು ಕಿವಿಗೊತ್ತಿಕೊಂಡೇ ಆಫೀಸಿಗೆ ನುಗ್ಗಿದ. ಬೊಮ್ಮಯ್ಯ ಇಸ್ತ್ರಿ ಬಿಟ್ಟು ಹಿಂದೆಯೇ ಬಂದ.

“ಸಾವ್ಕಾರ್ರೆ, ರಾಮಾಂಜಿ ಹೊಂಟವ್ನೆ, ಕಲ್ಯಾಣದುರ್ಗ ದಾಟವ್ನೆ. ಜೊತೇಲಿ ಅವ್ನ ಭಾವ ಬತ್ತಾವ್ನೆ, ಹನುಮಂತರಾಯಪ್ಪ. ಗೋಲ್‌ಕೀಪರ್ರು! ಮಡಕಶಿರಾದವ್ರ ಜೊತೆ ಜಗಳ ಆಡ್ಕೊಂಡವ್ನಂತೆ. ಬಿಡುಗಡೆ ಕಾಗದಕ್ಕೆ ಸೈನ್ ಹಾಕ್ಕೊಂಡೇ ಬತ್ತಾವ್ನೆ. ತಗಂಡ್ರೆ ತಗಳ್ಳಿ, ಇಲ್ದಿದ್ರೆ ಆ ಬಸ್‌ಸ್ಟ್ಯಾಂಡ್ ಯೂನಿಟ್‌ನವ್ರು ಬಿಡ್ತಾರಾ?”

“ಕೀಪರ್ ಅದಾನಲ್ಲ ನಮಗ,” ಎಂದ ಬೊಮ್ಮಯ್ಯ.

“ಅದು ಕೀಪರ್ರಾ? ಬಾಲು ಬಂದ್ರೆ ಮದುವೆ ಮನೇಲಿ ನೆಂಟ್ರು ಬಂದಂಗೆ ಪಕ್ಕಕ್ಕೆ ಸರಿದು ದಾರಿ ಬಿಡ್ತಾನೆ!”

“ನಮ್ಮ ಹುಡುಗನ್ನ ಅನಬ್ಯಾಡ ಮಾಸ್ಟರ್ರ. ನಿಮ್ಮ ಮಡಕಶಿರಾದವರು ಬರೀ ಹೊಗಳಾಕ ಹುಟ್ಯಾರ.”

“ಓದ್ಸಲ ಹನುಮಂತರಾಯಪ್ಪ ಆರು ಕಾರ್ನರ್ ತಡೆದಿದ್ದು ನಿನ್ನ ಕಣ್ಣಿಗೆ ಬೀಳ್ಲಿಲ್ವೇನಯ್ಯ? ಅವತ್ತು ನಂಗೆ ಕೇಳಂಗೆ, ಇವ್ನು ಮನುಷ್ಯ ಅಲ್ಲ, ಕದ ಅಂದಿದ್ದು ಯಾರು?”

ಬೊಮ್ಮಯ್ಯ ಗದ್ದ ಕೆರೆದುಕೊಂಡ. “ಅಂದಿದ್ದೆ,” ಎಂದ. “ಕದಾನ ಅವ.”

“ಬದಲಾವಣೆ ಇನ್ನೊಂದು ಬಾಕಿ ಐತಲ್ಲ ಸಾವ್ಕಾರ್ರೆ,” ಎಂದ ಗಂಗಣ್ಣ. ಬೆಳಿಗ್ಗೆ ಜುಂಜಪ್ಪನ ಪರವಾಗಿ ಮಾತಾಡಿದವನು ಅವನೇ. ಈಗ ಅವನ ಕಣ್ಣು ಹೊಳೆಯುತ್ತಿತ್ತು. ತನ್ನೂರಿನವರು ಇಬ್ಬರು ತನ್ನ ಯೂನಿಟ್ಟಿಗೆ ಬರುತ್ತಾರೆ ಎಂಬುದರ ಮುಂದೆ ಬೆಳಗಿನ ಮಾತು ಅವನಿಗೇ ನೆನಪಿರಲಿಲ್ಲ.

ಸಂಜೀವಪ್ಪ ಗಡಿಯಾರ ನೋಡಿದರು. ನಾಲ್ಕು ಹತ್ತು.

“ಜುಂಜಪ್ಪನ್ನ ಕರೀರಿ,” ಎಂದರು.

ಸಂಧ್ಯಾ ಪೆನ್ನಿನ ಮುಚ್ಚಳ ಹಾಕಿದಳು. “ಸಾರ್, ಉಳೀತಾರೆ ಅಂದ್ರಿ.”

“ಅಂದಿದ್ದೆವ್ವಾ. ಆವಾಗ ಒಬ್ಬನ ಮಾತಿತ್ತು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅವಳನ್ನು ಸಮಾಧಾನ ಮಾಡುವಂತೆಯೇ ಇತ್ತು. “ಈಗ ನೋಡು, ನೀನು ಆ ಕಾಗದ ತಂದಿದ್ದಕ್ಕ ಇಬ್ಬರು ಬರೋ ಹಂಗ ಆತು. ಇಲ್ಲಂದ್ರ ಜುಂಜಪ್ಪನ ಜಾಗಕ್ಕ ರಾಮಾಂಜಿ ಒಬ್ಬನ ಬರ್ತಿದ್ದ, ಆ ಕೀಪರ್ ಬ್ಯಾರೆಯವರ ಪಾಲಾಗ್ತಿದ್ದ. ಟೀಮಿಗೆ ದೊಡ್ಡ ಉಪಕಾರ ಮಾಡಿದಿ.”

“ರಮ್ಯಾಂದು ಪರೀಕ್ಷೆ ಮುಗಿಯೋ ತನಕ ಆದ್ರೂ ರೂಮಿನಲ್ಲಿ…”

“ಇಬ್ಬರಿಗೂ ಸಂಸಾರ ಐತಿ. ಎಲ್ಡು ರೂಮು ಬೇಕು. ಉಳಿದವರನ್ನ ಯಾರನ್ನ ಎಬ್ಬಿಸ್ಲಿ, ನೀನ ಹೇಳು.”

ಅವಳು ಮತ್ತೆ ಪೆನ್ನಿನ ಮುಚ್ಚಳ ತೆಗೆದಳು. 

ಜುಂಜಪ್ಪ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಯಾರೂ ಏನೂ ವಿವರಿಸಬೇಕಾಗಲಿಲ್ಲ. ಗಂಗಣ್ಣ ಕಿಟಕಿಯ ಕಡೆ ತಿರುಗಿ ಮತ್ತೆ ಫೋನು ಹಚ್ಚಿದ್ದ. ಬೊಮ್ಮಯ್ಯ ತನ್ನ ಇಸ್ತ್ರಿ ಸುಡುತ್ತಿದೆ ಎಂದು ಹೊರಗೆ ಹೋದ.

“ಎಲ್ಲಿ?” ಎಂದ ಜುಂಜಪ್ಪ.

ಎರಡನೆಯ ಸಾಲಿನಲ್ಲಿ ಸಂಧ್ಯಾ ಅವನ ಹೆಸರು ಬರೆದಳು. ಕಾರಣ ಎಂಬಲ್ಲಿ ಏನು ಬರೆಯಬೇಕೆಂದು ತಲೆಯೆತ್ತಿದಳು. ಸಂಜೀವಪ್ಪ, “ಸ್ವಂತ ಇಚ್ಛೆ ಅಂತ ಬರಿ,” ಎಂದರು. ಬರೆದಳು. ಅದರ ಪಕ್ಕದಲ್ಲಿ ಬೆರಳಿಟ್ಟು ತೋರಿಸಿದಳು. ಜುಂಜಪ್ಪ ಬಗ್ಗಿ, ಒಂದೊಂದೇ ತೆಲುಗು ಅಕ್ಷರವನ್ನು ಕೂಡಿಸಿ, ನಿಧಾನವಾಗಿ ಸಹಿ ಮಾಡಿದ. ಮೇಲೆದ್ದಾಗ ಮೊಣಕಾಲು ಲಟಕ್ಕೆಂದಿತು. ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ತೆಲುಗಿನ ಪಟ್ಟಿ ಐದಕ್ಕೆ ಹದಿನಾಲ್ಕು ನಿಮಿಷ ಇರುವಾಗ ಕಮಿಟಿಗೆ ಮುಟ್ಟಿತು.

ಕನ್ನಡದ ಪಟ್ಟಿಯನ್ನು ಬೋರಣ್ಣ ತನ್ನ ಚಹಾದಂಗಡಿಯ ಗೋಡೆಗೆ ಅಂಟಿಸುವ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಗೋಡೆಗೆ ತಗಡಿನ ಸೂರಿದೆ, ಮಳೆ ಬಿಸಿಲು ತಾಗುವುದಿಲ್ಲ. ಹಳೆಯ ಪಟ್ಟಿಯನ್ನು ಬೋರಣ್ಣ ಎಂದೂ ಕೀಳುವವನಲ್ಲ, ಅದರ ಮೇಲೆಯೇ ಮೈದಾ ಅಂಟು ಬಳಿದು ಹೊಸದನ್ನು ಅಂಟಿಸುತ್ತಾನೆ. ಅವನು ಅಂಗೈಯಿಂದ ಕಾಗದ ಸವರುತ್ತಿದ್ದಂತೆಯೇ ಹಿಂದಿನಿಂದ ಜನ ಓದತೊಡಗಿದರು.

“ಎಲ್ಡಕ್ಕ ಎಲ್ಡು! ಅದೂ ಒಂದು ಮುರುಕ ಕಾಲು, ಒಂದು ಖಾಲಿ ಜಾಗ ಕೊಟ್ಟು!”

“ಸಂಜೀವಪ್ಪಗ ತಲಿ ಐತ್ರಿ.”

“ತಲೆ ಅವ್ರದಲ್ಲ ಕಣಯ್ಯ, ನಂದು,” ಎಂದ ಗಂಗಣ್ಣ ಎರಡೂ ಕೈಯಲ್ಲಿ ಚಹಾ ಹಿಡಿದುಕೊಂಡು.

“ಮಡಕಶಿರಾ ಈ ಸಲ ನೊಣ ಹೊಡಕೋತ ಕುಂದ್ರಬೇಕು ಬಿಡ್ರಿ.”

“ಏಯ್, ಮಡಕಶಿರಾ ಅಂದ್ರೆ ಉಸಾರು!” ಎಂದು ಗಂಗಣ್ಣನೇ ಸಿಡುಕಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಸಂಧ್ಯಾ ಗುಂಪಿನಿಂದ ಆಚೆ, ಹಾಲಿನ ಕ್ಯಾನುಗಳ ಬಳಿ ನಿಂತಿದ್ದಳು. ಅಲ್ಲಿಗೆ ಯಾಕೆ ಬಂದಳೆಂದು ಅವಳಿಗೇ ಗೊತ್ತಿರಲಿಲ್ಲ. ಅಂಟಿನಲ್ಲಿ ತೊಯ್ದ ಕಾಗದ ತೆಳ್ಳಗಾಗಿ, ಕೆಳಗಿದ್ದ ಹೋದ ವರ್ಷದ ಪಟ್ಟಿ ಅದರ ಮೂಲಕ ಕಾಣುತ್ತಿತ್ತು. ಅದೂ ಅವಳದೇ ಅಕ್ಷರ. ಏಳನೆಯ ಸಾಲಿನಲ್ಲಿ ರಾಮಾಂಜಿಯ ಹೆಸರಿನ ಹಿಂದಿನಿಂದ ಹನುಮೇಶ ಕಾಣುತ್ತಿದ್ದ. ಅವನ ಕೆಳಗೆ ಜುಂಜಪ್ಪ.

ಯಾರೋ ಮೊಣಕೈ ಮುಟ್ಟಿದರು. ಚಿತ್ತಮ್ಮ. ಅಳು ಮುಗಿಸಿ, ಮುಖ ತೊಳೆದುಕೊಂಡು ಬಂದಿದ್ದಳು. ಪಟ್ಟಿಯ ಕಡೆ ನೋಡಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ.

“ನಿನ್ನತ್ರ ಗೋಣಿಚೀಲ ಅದಾವೇನು ಸಂಧ್ಯಾ? ಪಾತ್ರೆ ತುಂಬಾಕ.”

“ನಾಲ್ಕಿವೆ ಅಕ್ಕ.”

“ಹಂಗಾರ ನಿನಗ ಎಲ್ಡು, ನನಗ ಎಲ್ಡು.”

“ಹೂಂ.”

ಚಿತ್ತಮ್ಮ ಹೋಗಲಿಲ್ಲ. ಅವಳ ಪಕ್ಕದಲ್ಲೇ ನಿಂತಳು. ಮೈದಾನದ ಕಡೆಯಿಂದ ಒಣ ಗಾಳಿ ಬೀಸುತ್ತಿತ್ತು. ಗೋಡೆಯ ಮೇಲಿನ ಕಾಗದ ಅಂಚುಗಳಿಂದ ಒಣಗುತ್ತ, ಬೆಳ್ಳಗಾಗುತ್ತ ಬಂತು. ಕೆಳಗಿನ ಅಕ್ಷರಗಳು ಮೊದಲು ಬದಿಯಲ್ಲಿ, ಆಮೇಲೆ ನಡುವೆ, ಒಂದೊಂದಾಗಿ ಮಾಸಿದವು. ಏಳನೆಯ ಸಾಲಿನಲ್ಲಿ ಅಂಟು ಸ್ವಲ್ಪ ದಪ್ಪವಾಗಿ ಬಿದ್ದಿತ್ತು. ಅಲ್ಲಿ ಇನ್ನೂ ತೇವವಿತ್ತು.